ಗುಡಗೇರಿ ಕುಬೇರಪ್ಪ ದಿಲ್ಲಿಗೆ ಹೇಳಿದ್ದು

ಇದು ನಡೆದದ್ದೇ. ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ. ಇದರೊಳಗೆ ಸಾಸಿವೆಯಷ್ಟು ಸುಳ್ಳು ಬೆರೆತಿದ್ದರೆ, ಇನ್ನು ಮುಂದೆ ನಾನು ಕೈ ಹಾಕಿದ ಪ್ರತಿಯೊಂದು ಮಿರ್ಚಿ ಭಜಿಯೊಳಗೂ ಮೆಣಸಿನಕಾಯಿ ಇಲ್ಲದೆ ಬರೀ ಹಿಟ್ಟೇ ಸಿಗಲಿ. ಇದಕ್ಕಿಂತ ದೊಡ್ಡ ಆಣೆ ನಮ್ಮ ಕಡೆ ಯಾರೂ ಮಾಡಿದ್ದಿಲ್ಲ.

ಎಪ್ಪತ್ನಾಲ್ಕನೆಯ ಇಸವಿ. ಅಡಿಗೆಯ ಒಳ್ಳೆಣ್ಣೆಯ ಡಬ್ಬಿ ಎದುರಿಗೆ ಬಂದರೆ ಜನ ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದ ಕಾಲ. ಗುಡಗೇರಿ ಸ್ಟೇಶನ್ನಿನ ಹೊರಗೆ ಕುಬೇರಪ್ಪನ ಚಹಾ ಮತ್ತು ಮಿರ್ಚಿ ಅಂಗಡಿ, ಅದರ ಬೆನ್ನಿಗೆ ಮನೆ, ಮನೆಯಲ್ಲಿ ಹೆಂಡತಿ ಮಲ್ಲಕ್ಕ, ಮದುವೆಗೆ ಬಂದ ಮಗಳು ಗೌರಕ್ಕ. ಊರಾಚೆ ಒಂದು ತುಂಡು ಎರೆ ಹೊಲ.

ಕುಬೇರಪ್ಪನದೊಂದು ಗುಣ. ಯಾರು ಏನೇ ಕೇಳಲಿ, ಆತ ಮೊದಲು ಕೇಳಿದವರ ಮುಖ ನೋಡುತ್ತಿದ್ದ. ಆ ಮುಖಕ್ಕೆ ಯಾವ ಉತ್ತರ ರುಚಿಸೀತು ಎಂದು ತೂಗಿ, ಅದನ್ನೇ ಬಡಿಸುತ್ತಿದ್ದ. ಕಂದಾಯ ಬರೆಯುವ ತಲಾಟಿ ಬಂದು ಹೊಲ ಹೇಗಿದೆ ಎಂದರೆ, ಎಲ್ಲಾ ಸುಟ್ಟು ಹೋಗಿದೆ, ಬಿತ್ತಿದ ಬೀಜ ಕೂಡ ಸಿಟ್ಟಾಗಿ ಎದ್ದು ಹೋಗಿದೆ ಎನ್ನುವನು. ಅದೇ ಹೊಲದ ಬಗ್ಗೆ ಬೀಗತನಕ್ಕೆ ಬಂದವರು ಕೇಳಿದರೆ, ಜೋಳ ಎಷ್ಟು ದಟ್ಟ ಎದ್ದಿದೆ ಎಂದರೆ ಹೋದ ವಾರ ಒಳಗೆ ಹೊಕ್ಕ ಎಮ್ಮೆ ಇನ್ನೂ ಹೊರಗೆ ಬಂದಿಲ್ಲ ಎನ್ನುವನು. ಇದು ಸುಳ್ಳು ಎಂದು ಅವನಿಗೆ ಎಂದೂ ಅನಿಸಿದ್ದಿಲ್ಲ. ಊರಲ್ಲಿ ಯಾರಿಗೂ ಅನಿಸಿದ್ದಿಲ್ಲ. ಕೇಳಿದವರ ಮನಸ್ಸು ನೋಯದಂತೆ ನೋಡಿಕೊಳ್ಳುವುದಕ್ಕೆ ಅಷ್ಟು ಕೆಟ್ಟ ಹೆಸರು ಕೊಡುವ ರೂಢಿ ಅಲ್ಲಿರಲಿಲ್ಲ.

ಗೌರಕ್ಕನಿಗೆ ಮಾತ್ರ ಇದು ಸೇರುತ್ತಿರಲಿಲ್ಲ. ಆಕೆ ಏಳನೆಯ ಇಯತ್ತೆ ಪಾಸಾದವಳು.

“ಅಪ್ಪಾ, ಒಮ್ಮೆರ ಖರೇ ಹೇಳಿ ನೋಡು. ಬಾಯಿ ಏನ್ ಸುಡೂದಿಲ್ಲ.”

ಆಕೆ ಹಾಗೆನ್ನುವುದಕ್ಕೆ ಕಾರಣವಿತ್ತು. ಹೋದ ವರ್ಷ ಕುಂದಗೋಳದಿಂದ ಆಕೆಯನ್ನು ನೋಡಲು ಬಂದಿದ್ದರು. ಹುಡುಗನ ತಂದೆ ದೊಡ್ಡಸ್ತಿಕೆಯ ಮುಖದವನು. ಅವನಿಗೆ ಕುಬೇರಪ್ಪ, ದೇವರು ಕೊಟ್ಟದ್ದನ್ನು ಇಡಲು ಮನೆಯಲ್ಲಿ ಜಾಗ ಸಾಲುತ್ತಿಲ್ಲ ಎಂದ. ಹುಡುಗನ ಸೋದರಮಾವ ಅಳುಮೋರೆಯವನು. ಅವನನ್ನು ಹಿತ್ತಲಿಗೆ ಕರೆದೊಯ್ದು, ನಾವು ರೊಟ್ಟಿಗೆ ಉಪ್ಪು ಹಚ್ಚಿಕೊಂಡು ತಿನ್ನುವವರು ಎಂದು ಅವನ ಜೊತೆ ತಾನೂ ಕಣ್ಣೊರೆಸಿಕೊಂಡ. ಇಬ್ಬರೂ ಒಂದೇ ಚಕ್ಕಡಿಯಲ್ಲಿ ಊರಿಗೆ ಹೋದರು. ಹಾದಿ ಉದ್ದವಿತ್ತು, ಮಾತಾಡಲು ಬೇರೆ ವಿಷಯವಿರಲಿಲ್ಲ. ಸಂಬಂಧ ಅಲ್ಲಿಗೇ ಮುಗಿಯಿತು. ಈಗ ಅಣ್ಣಿಗೇರಿಯ ಕಾಳಿನ ವ್ಯಾಪಾರಿ ಶಂಕ್ರಪ್ಪನವರ ಮಗನಿಗೆ ಕೇಳಿಸಿದ್ದರು. ಹುಡುಗ ಒಳ್ಳೆಯವನು, ಗೌರಕ್ಕ ಕೂಡ ಅವನನ್ನು ಜಾತ್ರೆಯಲ್ಲಿ ಒಮ್ಮೆ ಕಂಡು ಬೇಡ ಎಂದಿರಲಿಲ್ಲ. ಇದೂ ಗಂಡನ ನಾಲಗೆಯ ಮೇಲಿನಿಂದ ಜಾರಿ ಹೋದರೆ ತಾನು ತವರಿಗೆ ಹೋಗಿ ಕುಳಿತುಬಿಡುವುದಾಗಿ ಮಲ್ಲಕ್ಕ ಒಲೆಯ ಮುಂದೆ ದಿನಾ ಹೇಳುತ್ತಿದ್ದಳು.

ಇಂಥದರಲ್ಲಿ ಬಸವ ಜಯಂತಿ ಮುಗಿದ ಮೇಲೆ ಒಂದು ದಿನ ಹುಬ್ಬಳ್ಳಿ ಕಡೆಯ ಗಾಡಿಯಿಂದ ಜಹೀರುದ್ದೀನ ಇಳಿದ. ಧಾರವಾಡದ ಯಾವುದೋ ಕಚೇರಿಯ ಪಗಾರದ ಹುಡುಗ, ಹೆಗಲಿಗೆ ಚೀಲ. ಜನರಿಗೆ ತಮ್ಮ ಬದುಕಿನ ಮೇಲೂ ದೇಶದ ವ್ಯವಹಾರದ ಮೇಲೂ ಎಷ್ಟು ಭರವಸೆ ಉಳಿದಿದೆ ಎಂದು ಮೂರು ಮೂರು ತಿಂಗಳಿಗೆ ಕೇಳಿ ಬರೆದುಕೊಳ್ಳುವುದು ಅವನ ಕೆಲಸ. ಕೇಳಿದ ಮನೆಯವರನ್ನೇ ಮತ್ತೆ ಮತ್ತೆ ಕೇಳಬೇಕು, ಮನೆ ಬದಲಿಸುವ ಹಾಗಿಲ್ಲ. ಗುಡಗೇರಿಯ ಪಾಲಿಗೆ ಚೀಟಿ ಎತ್ತಿದಾಗ ಬಂದದ್ದು ಕುಬೇರಪ್ಪನ ಮನೆ.

ಕುಬೇರಪ್ಪ ಚಹಾ ಕೊಟ್ಟ, ಮಿರ್ಚಿ ಕೊಟ್ಟ, ಬೇಡವೆಂದರೂ ಇನ್ನೊಂದು ಕೊಟ್ಟ. ಜಹೀರುದ್ದೀನ ಕೈ ಒರೆಸಿಕೊಂಡು ಕೇಳಿದ:

“ಹ್ವಾದ ವರ್ಷಕ್ಕಿಂತ ಈ ವರ್ಷ ನಿಮ್ಮ ಮನಿ ಪರಿಸ್ಥಿತಿ ಸುಧಾರಿಸೇದೋ, ಹಂಗ ಅದನೋ, ಕೆಟ್ಟೇದೋ?”

ಕುಬೇರಪ್ಪ ಎಂದಿನಂತೆ ಮುಖ ನೋಡಿದ. ಅಲ್ಲಿಯೇ ಕೆಟ್ಟಿತು. ಕೇಳುವವನ ಮುಖದಿಂದ ಉತ್ತರ ಗೊತ್ತಾಗಬಾರದು ಎಂದು ಆ ಹುಡುಗನಿಗೆ ಕಚೇರಿಯಲ್ಲಿ ಕಲಿಸಿ ಕಳಿಸಿದ್ದರು. ಅವನ ಮುಖ ಶಾಲೆಯ ಮಕ್ಕಳು ಒರೆಸಿಟ್ಟ ಪಾಟಿಯ ಹಾಗಿತ್ತು. ಹುಬ್ಬು ಏರಲಿಲ್ಲ, ತುಟಿ ಇಳಿಯಲಿಲ್ಲ. ಕುಬೇರಪ್ಪ ಎಡದಿಂದ ನೋಡಿದ, ಬಲದಿಂದ ನೋಡಿದ, ಬಗ್ಗಿ ಕೆಳಗಿನಿಂದ ನೋಡಿದ. ಏನೂ ಸಿಗಲಿಲ್ಲ. ಕೊನೆಗೆ, ಮನೆಗೆ ಬಂದವರ ಮುಂದೆ ಅಳುವುದು ಸರಿಯಲ್ಲ ಎಂದು ಭಾಳ ಸುಧಾರಿಸಿದೆ ಎಂದ. ದೇಶದ ಪರಿಸ್ಥಿತಿ? ಅದೂ ಸುಧಾರಿಸಿದೆ. ಮನೆಗೆ ದೊಡ್ಡ ಸಾಮಾನು ಕೊಳ್ಳಲು ಇದು ಒಳ್ಳೆಯ ಕಾಲವೇ? ಅದಕ್ಕೆ ಮಾತ್ರ ಕುಬೇರಪ್ಪ ಎದ್ದು ಹೋಗಿ ಪಂಚಾಂಗ ನೋಡಿ ಬಂದು, ಅಮಾವಾಸ್ಯೆ ದಾಟಲಿ ಎಂದ. ಜಹೀರುದ್ದೀನ ಎಲ್ಲವನ್ನೂ ಅದೇ ಪಾಟಿಯಂಥ ಮುಖದಿಂದ ಬರೆದುಕೊಂಡ.

ಇದನ್ನೆಲ್ಲ ಎಲ್ಲಿಗೆ ಕಳಿಸುತ್ತೀರಿ ಎಂದು ಕುಬೇರಪ್ಪ ಕೇಳಿದ. ಎಲ್ಲಾ ಊರಿನದನ್ನೂ ಕೂಡಿಸಿ ಒಂದು ಅಂಕಿ ಮಾಡುತ್ತಾರೆ, ದಿಲ್ಲಿಯಲ್ಲಿ ಇದ್ದವರು ಕೂಡ ಅದನ್ನು ಒಮ್ಮೊಮ್ಮೆ ನೋಡುತ್ತಾರಂತೆ ಎಂದು ಜಹೀರುದ್ದೀನ ಹೇಳಿದ. ಅವನು ಅಷ್ಟೇ ಹೇಳಿದ್ದು. ಗಾಡಿ ಕುಂದಗೋಳ ದಾಟುವಷ್ಟರಲ್ಲಿ ಗುಡಗೇರಿಯಲ್ಲಿ ಇದು, ದಿಲ್ಲಿಯವರು ದೇಶ ಹೇಗೆ ನಡೆದಿದೆ ಎಂದು ಕುಬೇರಪ್ಪನನ್ನು ಕೇಳಿಸಿದ್ದಾರೆ ಎಂದು ಆಗಿತ್ತು. ಸಂಜೆಯ ಹೊತ್ತಿಗೆ, ಕುಬೇರಪ್ಪ ಹ್ಞೂಂ ಅಂದರೆ ಮಾತ್ರ ಮುಂದಿನ ಕೆಲಸ ಎಂದು ಆಯಿತು.

ಜನ ನಂಬುತ್ತಿರಲಿಲ್ಲ. ಆದರೆ ಮುಂದಿನ ವಾರ ರೇಶನ್ ಅಂಗಡಿಗೆ ಸಕ್ಕರೆ ಬಂತು. ಯುಗಾದಿಯಿಂದ ಮುಖ ತೋರಿಸದಿದ್ದ ಸಕ್ಕರೆ, ಚೀಲ ಚೀಲ ಬಂತು. ಇದನ್ನು ಮೊದಲು ಕೂಡಿಸಿ ನೋಡಿದವನು ಸೈಕಲ್ ಅಂಗಡಿಯ ಬಾಬಾಸಾಬ. ಊರಿನ ಪ್ರತಿಯೊಂದು ಪಂಕ್ಚರಿಗೂ ಒಂದು ಕಾರಣ ಹುಡುಕಿ ಕೊಡುವವನು ಅವನು. ಅವನ ಲೆಕ್ಕ ಸೀದಾ ಇತ್ತು: ಕುಬೇರಣ್ಣ ಚಲೋ ಐತಿ ಅಂದ, ದಿಲ್ಲಿಯವರು ಖುಷಿಯಾದರು, ಸಕ್ಕರೆ ಬಿಟ್ಟರು.

ಆ ದಿನದಿಂದ ಕುಬೇರಪ್ಪ ನಡೆಯುವ ರೀತಿ ಬದಲಾಯಿತು. ಬೇಸಿಗೆಯಲ್ಲಿ ಕರಿ ಉಣ್ಣೆಯ ಕೋಟು ಹಾಕಿಕೊಂಡು ಎಣ್ಣೆಯ ಬಾಣಲೆಯ ಮುಂದೆ ನಿಂತ. ಭಜಿ ಕಟ್ಟಿಕೊಡಲು ತಂದಿಟ್ಟ ಹಳೆಯ ಪೇಪರುಗಳನ್ನು ಕಟ್ಟುವ ಮೊದಲು ಒಮ್ಮೆ ತಲೆಕೆಳಗಾಗಿಯಾದರೂ ನೋಡಿ, ‘ಹ್ಞೂಂ’ ಎಂದು ಕಟ್ಟುತ್ತಿದ್ದ. ಈ ಸಲ ಮಳೆ ಹೇಗೆ ಎಂದು ಯಾರೋ ಸುಮ್ಮನೆ ಕೇಳಿದರೆ, “ನಾನಿನ್ನೂ ಏನೂ ಹೇಳಿ ಕಳಸಿಲ್ಲ” ಎನ್ನುವನು.

ನಾಗರಪಂಚಮಿಯ ಹೊತ್ತಿಗೆ ಜಹೀರುದ್ದೀನ ಎರಡನೆಯ ಸಲ ಬರುವವನಿದ್ದ. ಅದಕ್ಕೆ ಮೊದಲೇ ಊರಿನವರು ಕುಬೇರಪ್ಪನ ಅಂಗಡಿಗೆ ತಿರುಗತೊಡಗಿದರು. ಒಬ್ಬರು ಮೊಸರಿನ ಗಡಿಗೆ ತಂದರು, ಇನ್ನೊಬ್ಬರು ಶೇಂಗಾ ಉಂಡಿ. ಕ್ಷೌರದವನು ಕರೆದು ಕೂರಿಸಿ, ನಿಮ್ಮಂಥವರ ಗಡ್ಡ ಹೀಗಿದ್ದರೆ ದೇಶದ ಬಗ್ಗೆ ಏನು ತಿಳಿದುಕೊಳ್ಳುತ್ತಾರೆ ಎಂದು ನುಣ್ಣಗೆ ತೆಗೆದುಬಿಟ್ಟ. ಎಲ್ಲರ ಬೇಡಿಕೆ ಒಂದೇ. ಬೆಳೆಗೆ ಗೊಬ್ಬರವಿಲ್ಲ; ಸಕ್ಕರೆ ಬಂದದ್ದು ಸಾಕು, ಈ ಸಲ ಸ್ವಲ್ಪ ಅಳಬೇಕು. ಕುಬೇರಪ್ಪ ಅತ್ತ. ಮನೆಯ ಪರಿಸ್ಥಿತಿ ಕೆಟ್ಟಿದೆ ಎಂದ, ದೇಶದ್ದು ಅದಕ್ಕಿಂತ ಕೆಟ್ಟಿದೆ ಎಂದ, ಪಂಚಾಂಗ ಕೂಡ ಕೆಟ್ಟಿದೆ ಎಂದ. ಜಹೀರುದ್ದೀನ ಬರೆದುಕೊಂಡ. ಅಮಾವಾಸ್ಯೆಯೊಳಗೆ ಗುಡಗೇರಿ ಸ್ಟೇಶನ್ನಿನಲ್ಲಿ ಗೊಬ್ಬರದ ವ್ಯಾಗನ್ ನಿಂತಿತು.

ಈಗ ಯಾರಿಗೂ ಅನುಮಾನ ಉಳಿಯಲಿಲ್ಲ. ಸುಧಾರಿಸಿದೆ ಎಂದರೆ ಸಕ್ಕರೆ, ಕೆಟ್ಟಿದೆ ಎಂದರೆ ಗೊಬ್ಬರ. ಹಂಗ ಐತಿ ಎಂದರೆ ಏನು ಬರುತ್ತದೆ ಎಂಬುದರ ಮೇಲೆ ಬಾಬಾಸಾಬನ ಅಂಗಡಿಯಲ್ಲಿ ಎರಡು ಪಕ್ಷಗಳಾದವು. ಸೀಮೆಎಣ್ಣೆ ಎಂದು ಒಂದು ಪಕ್ಷ, ಏನೂ ಬರುವುದಿಲ್ಲ ಎಂದು ಇನ್ನೊಂದು. ಎರಡನೆಯ ಪಕ್ಷದವರ ಸೈಕಲ್ಲಿಗೆ ಬಾಬಾಸಾಬ ಗಾಳಿ ಹಾಕಲಿಲ್ಲ.

ಮೂರನೆಯ ಸಲದ್ದೇ ದೊಡ್ಡ ಮಾತು. ದೀಪಾವಳಿ ಕಳೆದರೆ ಜೋಳ ಕೈಗೆ ಬರುತ್ತದೆ, ಕೈಗೆ ಬಂದ ಜೋಳದಲ್ಲಿ ಸರ್ಕಾರ ತಾನು ಹೇಳಿದ ದರಕ್ಕೆ ತನ್ನ ಪಾಲು ಎತ್ತಿಕೊಂಡು ಹೋಗುತ್ತದೆ. ಅದಕ್ಕೆ ಲೇವಿ ಎನ್ನುತ್ತಿದ್ದರು. ಊರು ಕೂಡಿ ಒಂದೇ ಮಾತು ಮಾಡಿತು: ಲೇವಿ ತಪ್ಪಬೇಕಾದರೆ ಕುಬೇರಪ್ಪ ಈ ಸಲ ಎಲ್ಲದಕ್ಕೂ ಕೆಟ್ಟಿದೆ ಎನ್ನಬೇಕು, ನಡುವೆ ಉಸಿರು ಕೂಡ ಸಮಾಧಾನದಿಂದ ಬಿಡಬಾರದು. ಕುಬೇರಪ್ಪ ಎಲ್ಲರ ಮುಖ ನೋಡಿ ಒಪ್ಪಿಕೊಂಡ.

ಜಹೀರುದ್ದೀನ ಬರುವ ದಿನವೇ ಬೆಳಗ್ಗೆ ಅಣ್ಣಿಗೇರಿಯಿಂದ ಹೇಳಿಕೆ ಬಂತು. ಶಂಕ್ರಪ್ಪನವರು ಹುಡುಗಿ ನೋಡಲು ಇವತ್ತೇ ಬರುತ್ತಾರೆ, ಅದೂ ಅದೇ ಗಾಡಿಗೆ.

ಮಲ್ಲಕ್ಕ ಗಂಡನನ್ನು ಅಡಿಗೆ ಮನೆಗೆ ಎಳೆದುಕೊಂಡು ಹೋದಳು.

“ನೋಡ್ರಿ, ಬೀಗರ ಮುಂದ ಮನಿ ತುಂಬಿ ತುಳಕಾಡಾಕತ್ತೈತಿ ಅನ್ನಬೇಕು. ಕೆಟ್ಟೈತಿ ಅಂದ್ರಂದ್ರ ನಾ ಇದ ಗಾಡಿ ಹತ್ತಿ ತವರಿಗೆ ಹೋಗಾಕಿ.”

“ಹಂಗಾರ ಊರಿನವ್ರಿಗೆ ಏನ್ ಹೇಳ್ಲಿ ಗೌರಿ ಅವ್ವಾ? ನಾಲ್ಕು ಮಂದಿ ಹಿರೇರ ಮುಂದ ಮಾತು ಕೊಟ್ಟೀನಿ.”

“ಊರಿನವ್ರ ಮಗಳನ್ನ ಕೊಡೂದಲ್ಲ, ನಿಮ್ಮ ಮಗಳನ್ನ ಕೊಡೂದು.”

ಗೌರಕ್ಕ ಮೂಲೆಯಲ್ಲಿ ಜಡೆ ಹಾಕಿಕೊಳ್ಳುತ್ತಿದ್ದಳು. ಅಪ್ಪನನ್ನು ಒಮ್ಮೆ ನೋಡಿದಳು. ಕುಬೇರಪ್ಪ ಆ ಮುಖವನ್ನೂ ನೋಡಿದ. ಅದಕ್ಕೆ ಯಾವ ಉತ್ತರ ರುಚಿಸುತ್ತದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆ ಉತ್ತರ ತಯಾರು ಮಾಡುವ ರೂಢಿ ಮಾತ್ರ ಇರಲಿಲ್ಲ.

ಅತ್ತ ಗಾಡಿಯಲ್ಲಿ ಬೇರೆಯೇ ನಡೆದಿತ್ತು. ಹುಬ್ಬಳ್ಳಿಯಲ್ಲಿ ಗಾಡಿ ಬದಲಿಸಿದ ಶಂಕ್ರಪ್ಪನವರು ಜಹೀರುದ್ದೀನನ ಬಾಜೂಕೆ ಕುಳಿತಿದ್ದರು. ಎಲ್ಲಿಗೆ ಎಂದು ಕೇಳಿದರು. ಗುಡಗೇರಿಗೆ. ಯಾರ ಮನೆಗೆ? ಕುಬೇರಪ್ಪನವರ ಮನೆಗೆ. ಶಂಕ್ರಪ್ಪನವರು ಕುಳಿತಲ್ಲೇ ಸ್ವಲ್ಪ ಸರಿದರು. ಏನು ಕೆಲಸ? ಅವರ ಮನೆಯ ಪರಿಸ್ಥಿತಿ ಸುಧಾರಿಸಿದೆಯೋ ಇಲ್ಲವೋ, ಮುಂದಿನ ವರ್ಷ ಹೇಗಿದ್ದೀತು, ದೊಡ್ಡ ಸಾಮಾನು ಕೊಳ್ಳುವವರೋ ಹೇಗೆ, ಇಷ್ಟು ವಿಚಾರಿಸಿಕೊಂಡು ಬರುವುದು. ಮೊದಲು ಎರಡು ಸಲ ಬಂದು ಹೋಗಿದ್ದೇನೆ. ಅವರು ಏನು ಹೇಳಿದರು ಎಂದು ಶಂಕ್ರಪ್ಪನವರು ಕೇಳಿದಾಗ ಹುಡುಗ, ಅದನ್ನು ಹೇಳುವ ಹಾಗಿಲ್ಲ, ಹೇಳಿದರೆ ನನ್ನ ನೌಕರಿ ಹೋಗುತ್ತದೆ ಎಂದ.

ಇಲ್ಲಿ ಒಂದು ಮಾತು ತಿಳಿದಿರಬೇಕು. ಅಣ್ಣಿಗೇರಿಯ ಕಡೆ ಸಂಬಂಧ ಮಾಡುವ ಮೊದಲು ಹುಡುಗಿಯ ಮನೆಯ ಅಳತೆ ತರಲು, ಬಳಗಕ್ಕೂ ಓಣಿಗೂ ಸೇರದ ಒಬ್ಬನನ್ನು ಕಳಿಸುವ ಪದ್ಧತಿಯಿತ್ತು. ಸೀರೆ ಮಾರುವ ಸಾಬಣ್ಣನೋ, ಬಳೆಗಾರನೋ ಆದರೆ ಇನ್ನೂ ಚೆನ್ನ. ಅವನಿಗೆ ಯಾರ ಹಂಗೂ ಇರುವುದಿಲ್ಲ. ಯಾರು ಕಳಿಸಿದ್ದು ಎಂದು ಅವನು ಬಾಯಿ ಬಿಡುವುದಿಲ್ಲ. ಶಂಕ್ರಪ್ಪನವರೂ ತಮ್ಮ ಮಗನಿಗಾಗಿ ಒಬ್ಬ ಬಳೆಗಾರನನ್ನು ಒಮ್ಮೆ ಕಳಿಸಿದ್ದರು. ಇಲ್ಲಿ ನೋಡಿದರೆ ಯಾರೋ ಪಗಾರ ಕೊಟ್ಟು ಆಳನ್ನು ಇಟ್ಟು, ಚೀಲ ಕೊಟ್ಟು, ಮೂರು ಮೂರು ತಿಂಗಳಿಗೆ ಕಳಿಸುತ್ತಿದ್ದಾರೆ. ಹುಬ್ಬಳ್ಳಿಯ ಯಾವುದೋ ದೊಡ್ಡ ಪೇಟೆ ಮನೆಯೇ ಇರಬೇಕು. ಅಂಥವರು ಬೆನ್ನು ಹತ್ತಿದ ಹುಡುಗಿಯ ಮನೆಯಲ್ಲಿ ಏನೋ ಇದೆ. ಶಂಕ್ರಪ್ಪನವರು ಹಸಿದಿದ್ದರೂ ದಾರಿಯಲ್ಲಿ ಏನೂ ತಿನ್ನಲಿಲ್ಲ.

ಇಬ್ಬರೂ ಒಟ್ಟಿಗೇ ಕುಬೇರಪ್ಪನ ಕಟ್ಟೆ ಹತ್ತಿದರು. ಅಲ್ಲಿ ಅರ್ಧ ಊರು ಕುಳಿತಿತ್ತು, ಕೊಟ್ಟ ಮಾತು ನಡೆಯುತ್ತದೋ ಇಲ್ಲವೋ ನೋಡಲು. ಶಂಕ್ರಪ್ಪನವರು ಇಷ್ಟು ಜನ ಕಂಡು, ಮನೆತನಕ್ಕೆ ಒಳ್ಳೆಯ ಬಳಕೆಯಿದೆ ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡರು. ಜಹೀರುದ್ದೀನನಿಗೆ ತಿರುಗಿ ಹೋಗುವ ಗಾಡಿಯ ಹೊತ್ತಿತ್ತು. ಉತ್ತರ ಕೊಡುವವರು ಒಬ್ಬರೇ ಇರಬೇಕು, ಉಳಿದವರು ದೂರ ಇರಬೇಕು ಎಂದು ಅವನು ಕಚೇರಿಯ ನಿಯಮ ಹೇಳಿದ. ಊರಿನವರು ನಿಯಮಕ್ಕೆ ಮರ್ಯಾದೆ ಕೊಟ್ಟು ಒಂದು ಗೇಣು ಹಿಂದೆ ಸರಿದು ಕುಳಿತರು.

ಜಹೀರುದ್ದೀನ ಮೊದಲನೆಯದನ್ನು ಕೇಳಿದ. ಮನೆ ಪರಿಸ್ಥಿತಿ ಹೇಗೆ?

ಕುಬೇರಪ್ಪ ಒಂದು ಕಡೆ ಬಾಬಾಸಾಬನ ಮುಖ ನೋಡಿದ, ಇನ್ನೊಂದು ಕಡೆ ಶಂಕ್ರಪ್ಪನವರ ಮುಖ. ನಡುವೆ ಪಾಟಿ. ಕರಿ ಕೋಟಿನೊಳಗೆ ಬೆವರು ಇಳಿಯಿತು. ಬಾಗಿಲ ಸಂದಿಯಲ್ಲಿ ಮಲ್ಲಕ್ಕನ ಬಳೆ ಸದ್ದು ಮಾಡಿತು.

“ಸುಧಾರಿಸೈತ್…” ಎಂದು ಅವನು ಶುರು ಮಾಡಿದ. ಬಾಬಾಸಾಬ ಕೆಮ್ಮಿದ. ಅವನ ಹಿಂದೆ ಕುಳಿತವರೆಲ್ಲ ಕೆಮ್ಮಿದರು. ರಸ್ತೆಯಲ್ಲಿ ಹೋಗುತ್ತಿದ್ದ ಒಬ್ಬನು ಕೂಡ ನಿಂತು ಕೆಮ್ಮಿ ಹೋದ.

“…ಸುಧಾರಿಸೈತಿ ಅಂತ ಮಂದಿ ಅಂತಾರ್ರಿ. ಖರೇ ಅಂದ್ರ ಕೆಟ್ಟೈತಿ.”

ಒಳಗೆ ಏನೋ ಹಿತ್ತಾಳೆಯದು ಬಿತ್ತು.

ಶಂಕ್ರಪ್ಪನವರ ಹುಬ್ಬು ಏರಿತು. ಆಮೇಲೆ ಮೆಲ್ಲಗೆ ಇಳಿಯಿತು. ಅವರು ವ್ಯಾಪಾರಸ್ಥರು, ಮಾಲು ಕೊಡಲು ಮನಸ್ಸಿಲ್ಲದವನು ಮಾಲನ್ನು ತಾನೇ ಹಳಿಯುವುದನ್ನು ಪೇಟೆಯಲ್ಲಿ ದಿನಾ ನೋಡಿದವರು. ಈ ಮನುಷ್ಯ ಹುಬ್ಬಳ್ಳಿಯವರನ್ನು ಹೊರಗೆ ಹಾಕುತ್ತಿದ್ದಾನೆ. ಯಾರಿಗಾಗಿ? ಶಂಕ್ರಪ್ಪನವರು ರುಮಾಲು ಸರಿಮಾಡಿಕೊಂಡರು.

ಪ್ರಶ್ನೆಗಳು ಮುಂದುವರಿದವು. ಹೇಗೂ ಕೆಟ್ಟಿತಲ್ಲ ಎಂದು ಕುಬೇರಪ್ಪ ಈಗ ಕಟ್ಟು ಬಿಚ್ಚಿಬಿಟ್ಟಿದ್ದ. ದೇಶ ಹೇಗಿದೆ ಎಂದರೆ ದೇಶ ಎಲ್ಲಿದೆ ಎಂದ. ದರ ಹೇಗಿವೆ ಎಂದರೆ, ಮೆಣಸಿನಕಾಯಿ ಕೊಳ್ಳಲು ಆಗದೆ ಹಿಟ್ಟಿಗೆ ಮೆಣಸಿನಕಾಯಿಯ ಹೆಸರು ಹೇಳಿ ಕರಿಯುತ್ತಿದ್ದೇನೆ ಎಂದ. ಊರಿನವರು ತಲೆದೂಗಿದರು. ಒಂದೊಂದು ಉತ್ತರಕ್ಕೂ ಶಂಕ್ರಪ್ಪನವರ ಕಣ್ಣಿನಲ್ಲಿ ಕುಬೇರಪ್ಪನ ಹೊಲ ಒಂದೊಂದು ಕೂರಿಗೆ ಬಿತ್ತುವಷ್ಟು ದೊಡ್ಡದಾಗುತ್ತಾ ಹೋಯಿತು. ಇಷ್ಟು ಮುಚ್ಚಿಡಬೇಕಾದರೆ ಎಷ್ಟು ಇರಬೇಕು.

“ಮನಿಗೆ ದೊಡ್ಡ ಸಾಮಾನು ಏನರ ತಗೋತೀರೇನು?” ಎಂದು ಜಹೀರುದ್ದೀನ ಕೇಳಿದ.

“ದೊಡ್ಡದು ಬಿಡ್ರಿ, ಒಂದು ಸೂಜಿ ತಗೊಳ್ಳೂ ತಾಕತ್ತಿಲ್ಲ.”

ಶಂಕ್ರಪ್ಪನವರು ಎದ್ದು ನಿಂತರು.

“ಸಾಕ್ರಿ ಸಾಹೇಬ, ಇನ್ನ ಬರೀಬ್ಯಾಡ್ರಿ. ನಿಮ್ಮನ್ನ ಕಳಿಸಿದವ್ರಿಗೆ ಹೇಳಿಬಿಡ್ರಿ, ಅಣ್ಣಿಗೇರಿ ಶಂಕ್ರಪ್ಪ ಮೊದಲ ಬಂದು ಮಾತು ಮುಗಿಸ್ಯಾನ ಅಂತ. ಬೀಗರ, ಒಳಗಿಂದ ಸಕ್ಕರಿ ತರಸ್ರಿ.”

ಬೀಗರ ಎಂಬ ಮಾತು ಯಾರಿಗೆ ಅಂದದ್ದು ಎಂದು ಕುಬೇರಪ್ಪ ಹಿಂದೆ ತಿರುಗಿ ನೋಡಿದ. ಹಿಂದೆ ಎಮ್ಮೆಯಿತ್ತು. ಅಷ್ಟರಲ್ಲಿ ಮಲ್ಲಕ್ಕ, ತವರಿಗೆಂದು ಕಟ್ಟಿದ್ದ ಗಂಟನ್ನು ಕಾಲಿನಿಂದ ಒಳಗೆ ನೂಕಿ, ಬೇಸಿಗೆಯ ರೇಶನ್ ಸಕ್ಕರೆ ಕಾದಿಟ್ಟ ಡಬ್ಬಿ ಹಿಡಿದು ಹೊರಗೆ ಬಂದಳು. ಶಂಕ್ರಪ್ಪನವರ ಬಾಯಿಗೆ ಸಕ್ಕರೆ, ಕುಬೇರಪ್ಪನ ಬಾಯಿಗೆ ಸಕ್ಕರೆ. ಏನೂ ತಿಳಿಯದ ಊರಿನವರು ಸಕ್ಕರೆ ಸಿಕ್ಕರೆ ಸಾಕೆಂದು ಕೈ ಒಡ್ಡಿದರು. ಹುಡುಗಿಯನ್ನು ಇನ್ನೂ ನೋಡೇ ಇಲ್ಲ ಎಂದು ನೆನಪಾಗಿ ಶಂಕ್ರಪ್ಪನವರು ಆಕೆಯನ್ನು ಕರೆಸಿದರು. ಗೌರಕ್ಕ ಚಹಾ ತಂದಳು, ಹೆಸರು ಹೇಳಿದಳು, ಬಾಗಿಲಿಗೆ ಒರಗಿ ನಿಂತಳು.

ಜಹೀರುದ್ದೀನನ ಕೆಲಸ ಇನ್ನೂ ಮುಗಿದಿರಲಿಲ್ಲ. ಎಲ್ಲಾ ಗದ್ದಲ ಇಳಿಯುವವರೆಗೆ ಸಕ್ಕರೆ ಚಪ್ಪರಿಸುತ್ತಾ ಕಾದು, ಅದೇ ಮುಖದಿಂದ ಕೊನೆಯದನ್ನು ಕೇಳಿದ:

“ಒಂದ ಉಳದೇತ್ರಿ. ಬರೂ ವರ್ಷ ನಿಮ್ಮ ಮನಿ ಪರಿಸ್ಥಿತಿ ಹೆಂಗ ಆಗ್ತದ ಅಂತ ಅನಸ್ತದ?”

ಕುಬೇರಪ್ಪ ಮುಖಗಳನ್ನು ನೋಡಲು ತಿರುಗಿದ. ಊರಿನವರು ಸಕ್ಕರೆಯಲ್ಲಿದ್ದರು. ಶಂಕ್ರಪ್ಪನವರು ಚಹಾದಲ್ಲಿದ್ದರು. ಪಾಟಿ ಪಾಟಿಯಾಗಿಯೇ ಇತ್ತು. ಅವನನ್ನು ನೋಡುತ್ತಿದ್ದವಳು ಬಾಗಿಲಲ್ಲಿ ನಿಂತ ಗೌರಕ್ಕ ಒಬ್ಬಳೇ.

“ಭಾಳ ಕೆಡತೈತ್ರಿ,” ಎಂದ ಕುಬೇರಪ್ಪ. ಹೇಳುತ್ತಾ ಮುಖದ ತುಂಬ ನಕ್ಕ, ಕಣ್ಣಲ್ಲಿ ನೀರು ಬಂತು, ಕೋಟಿನ ತೋಳಿನಿಂದ ಒರೆಸಿಕೊಂಡ. “ಮಗಳ ಲಗ್ನ ಮಾಡಿ ಕೊಡಾವ ಅದೀನಿ. ಆಕಿ ಹ್ವಾದ ಮ್ಯಾಲೆ ಮನ್ಯಾಗ ಏನ್ ಉಳೀತೈತ್ರಿ? ಬರಕೊಳ್ರಿ. ಇದು ಖರೇನ ಐತಿ.”

ಗೌರಕ್ಕ ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು. ಜಹೀರುದ್ದೀನನ ಮುಖ ಆ ಒಂದು ಸಲ ಮಾತ್ರ ಪಾಟಿಯಾಗಿ ಉಳಿಯಲಿಲ್ಲವಂತೆ. ನಗುತ್ತಾ ಕೆಡುತ್ತದೆ ಎನ್ನುವವರನ್ನು ಯಾವ ಕಡೆ ಬರೆಯಬೇಕು ಎಂದು ಅವನು ಕಚೇರಿಗೆ ಹೋಗಿ ಕೇಳಿದ. ಅಲ್ಲಿ ದೊಡ್ಡವರು ಮೂರು ದಿನ ಕೂಡಿ ಕುಳಿತರು, ಕನ್ನಡಕ ಬದಲಿಸಿದರು, ಕೊನೆಗೆ ಗುಡಗೇರಿಯನ್ನೇ ಬಿಟ್ಟು ಮುಂದಿನ ಊರು ಹಿಡಿದರು.

ಆ ವರ್ಷ ಲೇವಿಯವರ ಜೀಪು ಗುಡಗೇರಿಯ ಹೊರಗೆ ಎರೆ ಮಣ್ಣಿನಲ್ಲಿ ಹೂತು, ಎಳೆಯಲು ಹೋದ ಎತ್ತುಗಳೂ ಹೂತು, ಎತ್ತುಗಳನ್ನು ಎಳೆಯಲು ಹೋದವರೂ ಮೊಳಕಾಲವರೆಗೆ ಹೂತು, ಜೋಳ ಕೇಳುವವರಿಲ್ಲದೆ ನೆಲದೊಳಗಿನ ಹಗೇವಿನಲ್ಲೇ ಉಳಿಯಿತು. ಅದೂ ಕುಬೇರಪ್ಪ ಹೇಳಿ ಕಳಿಸಿದ್ದಕ್ಕೇ ಆದದ್ದು ಎಂದು ಬಾಬಾಸಾಬ ಸಾಯುವವರೆಗೂ ಹೇಳುತ್ತಿದ್ದ. ಲಗ್ನ ಮಾತ್ರ ಜೋರಾಗಿ ಆಯಿತು. ಸೊಸೆಯನ್ನು ಹುಬ್ಬಳ್ಳಿಯವರ ಕೈಯಿಂದ ಕಸಿದು ತಂದೆ ಎಂದು ಶಂಕ್ರಪ್ಪನವರು ಅಣ್ಣಿಗೇರಿಯಲ್ಲಿ ಇವತ್ತಿಗೂ ಮೀಸೆ ತಿರುವುತ್ತಾರೆ. ಅವರಿಗೆ ಯಾರೂ ಹೇಳಿಲ್ಲ. ನೀವೂ ಹೇಳಬೇಡಿ.

ಈಗ ನನ್ನ ಸರದಿ. ಇಷ್ಟು ಹೊತ್ತು ಬಾಯಿ ನೋಯಿಸಿಕೊಂಡು ಹೇಳಿದ್ದೇನೆ, ಒಂದೇ ಒಂದು ಕೇಳುತ್ತೇನೆ. ಈ ಕಥೆ ಕೇಳುವುದಕ್ಕೆ ಮೊದಲು ಇದ್ದದ್ದಕ್ಕಿಂತ ಈಗ ನಿಮ್ಮ ಪರಿಸ್ಥಿತಿ ಸುಧಾರಿಸಿದೆಯೋ, ಹಾಗೇ ಇದೆಯೋ, ಕೆಟ್ಟಿದೆಯೋ? ಸುಧಾರಿಸಿದೆ ಎನ್ನುವವರು ನನಗೆ ಒಂದು ಪ್ಲೇಟು ಮಿರ್ಚಿ ಹೇಳಿ. ಹಾಗೇ ಇದೆ ಎನ್ನುವವರು ಚಹಾ ಹೇಳಿ. ಕೆಟ್ಟಿದೆ ಎನ್ನುವವರು ಎರಡೂ ಹೇಳಿ, ಇನ್ನೊಂದು ಕಥೆ ಹೇಳಿ ಸರಿಮಾಡಿಕೊಡುತ್ತೇನೆ. ಮಿರ್ಚಿ ಬಂದ ಮೇಲೆ ಮೊದಲನೆಯದನ್ನು ನೀವೇ ಮುರಿದು ನೋಡಿ. ಒಳಗೆ ಮೆಣಸಿನಕಾಯಿ ಇದ್ದರೆ, ನಾನು ಹೇಳಿದ್ದೆಲ್ಲ ಖರೆ.